ಹುಳಿತೊಟ್ಟಿಯ ಜವರಯ್ಯನ ಕೈ

ಪಾಲಿಬೆಟ್ಟದ ಆಚೆಗಿದ್ದ ಪೊನ್ನಪ್ಪನವರ ಕಾಫಿ ತೋಟದಲ್ಲಿ ಒಂದು ವಿಷಯಕ್ಕೆ ಮಾತ್ರ ಸಾಹುಕಾರರ ಮಾತೂ ನಡೆಯುತ್ತಿರಲಿಲ್ಲ, ತೋಟದ ಲೆಕ್ಕ ಬರೆಯುವ ರೈಟರ ಮಾತೂ ನಡೆಯುತ್ತಿರಲಿಲ್ಲ. ಹುಳಿತೊಟ್ಟಿಯಲ್ಲಿ ಬಿದ್ದಿರುವ ಕಾಫಿಯನ್ನು ಈಗ ತೊಳೆಯಬೇಕೋ, ಇನ್ನೊಂದಿಷ್ಟು ಹೊತ್ತು ಬಿಡಬೇಕೋ ಎಂದು ಹೇಳುವವನು ಜವರಯ್ಯ ಒಬ್ಬನೇ. ಇಪ್ಪತ್ತೆಂಟು ವರ್ಷ ಅವನು ಹೇಳಿದ್ದೇ ಆಯಿತು. ಕೊಡಗಿಗೆ ತನ್ನದೇ ಸರ್ಕಾರ ಬಂತು, ಮಡಿಕೇರಿಯಲ್ಲಿ ಮಂತ್ರಿಗಳು ಕೂತರು, ತೋಟದ ಆಳುಗಳಿಗೆ ಹೊಸ ಕಾಯ್ದೆ ಬಂತು ಎಂದು ಜನ ಮಾತಾಡಿಕೊಂಡರು. ಏನು ಬಂದರೂ ಪೊನ್ನಪ್ಪನವರ ತೊಟ್ಟಿಯ ಕಾಫಿ ಜವರಯ್ಯ ಹೂಂ ಅನ್ನದೆ ತೊಟ್ಟಿ ಬಿಟ್ಟು ಏಳುತ್ತಿರಲಿಲ್ಲ.

ಕಾಫಿ ಕುಡಿಯುವುದಷ್ಟೇ ಗೊತ್ತಿರುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಯ್ದ ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ತಿರುಗಿಸಿದರೆ ಸಿಪ್ಪೆ ಒಂದು ಕಡೆ ಹೋಗುತ್ತದೆ, ಬೀಜ ಒಂದು ಕಡೆ ಬೀಳುತ್ತದೆ. ಆ ಬೀಜದ ಮೈಗೆಲ್ಲಾ ಲೋಳೆ. ಅದನ್ನು ಇಟ್ಟಿಗೆಯ ತೊಟ್ಟಿಯಲ್ಲಿ ಒಂದು ದಿನವೋ ಒಂದೂವರೆ ದಿನವೋ ಹುಳಿಯಲು ಬಿಡುತ್ತಾರೆ. ಹುಳಿ ಬಂದ ಮೇಲೆ ಲೋಳೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಆಗ ಒಂದು ಹಿಡಿ ತೆಗೆದು ಉಜ್ಜಿದರೆ ಹೊಳೆಯ ಮರಳಿನ ಹಾಗೆ ಗರಗರ ಅನ್ನಬೇಕು. ಜಾರಿದರೆ ಇನ್ನೂ ಆಗಿಲ್ಲ ಎಂದರ್ಥ. ಬೇಗ ತೊಳೆದರೆ ಕಣದಲ್ಲಿ ಒಣಗುವಾಗ ಬೀಜ ಬಣ್ಣಗೆಡುತ್ತದೆ. ತಡವಾದರಂತೂ ನಾತ ಹಿಡಿಯುತ್ತದೆ, ಒಂದು ತೊಟ್ಟಿಯ ನಾತ ವರ್ಷದ ಕಾಫಿಯ ಹೆಸರನ್ನೇ ಕೆಡಿಸುತ್ತದೆ. ಇದಕ್ಕೆ ಯಂತ್ರ ಇಲ್ಲ, ಗಡಿಯಾರ ಇಲ್ಲ. ಚಳಿಯಿದ್ದರೆ ಒಂದು ಲೆಕ್ಕ, ಬಿಸಿಲಿದ್ದರೆ ಇನ್ನೊಂದು ಲೆಕ್ಕ. ಬೆರಳಿಗೆ ಗೊತ್ತಾಗಬೇಕು, ಅಷ್ಟೆ.

ಆ ಬೆರಳಿನ ದೆಸೆಯಿಂದಲೇ ಜವರಯ್ಯನಿಗೆ ಪಲ್ಪರ್ ಮನೆಗೆ ಅಂಟಿಕೊಂಡ ಒಂದು ಕೋಣೆ ಸಿಕ್ಕಿತ್ತು. ಉಳಿದ ಆಳುಗಳೆಲ್ಲ ಕೆಳಗಿನ ಲೈನಿನ ಸಾಲುಮನೆಗಳಲ್ಲಿದ್ದರೆ ಇವನಿಗೆ ಮಾತ್ರ ಹೆಂಚಿನ ಪ್ರತ್ಯೇಕ ಕೋಣೆ, ಬಾಗಿಲಿಗೇ ನಲ್ಲಿ, ಹಿಂದೆ ನಾಲ್ಕು ಬದನೆ ಗಿಡ ಹಾಕುವಷ್ಟು ಜಾಗ. ಬೆಟ್ಟದಪುರದ ಕಡೆಯಿಂದ ಮದುವೆಯಾದ ಹೊಸದರಲ್ಲಿ ಬಂದು ಅಲ್ಲೇ ಸಂಸಾರ ಹೂಡಿದ್ದರು, ಅವನೂ ಹೆಂಡತಿ ಚಲುವಮ್ಮನೂ. ಮಕ್ಕಳಾಗಲಿಲ್ಲ. ಊರಲ್ಲಿದ್ದ ಅರೆ ಎಕರೆ ಅಣ್ಣನ ಮಗನ ಪಾಲಾಗಿ ಆ ಕಡೆಯ ದಾರಿಯೇ ಮರೆತುಹೋಗಿತ್ತು. ಜವರಯ್ಯನಿಗೆ ಈಗ ಅರವತ್ತರ ಹತ್ತಿರ. ಕೋಣೆ ತೊಟ್ಟಿಯ ಕೆಲಸಕ್ಕೆ ಸೇರಿದ್ದು, ತೊಟ್ಟಿಯ ಕೆಲಸ ಕೈಗೆ ಸೇರಿದ್ದು. ಕೈ ಹೋದ ದಿನ ಕೋಣೆಯೂ ಹೋಗುತ್ತದೆ ಎನ್ನುವುದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಕೈಗಿಂತ ಮೊದಲು ಹೋದದ್ದು ಕಾಲು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಪಲ್ಪರ್ ಮನೆಯ ಬೀರ ಒಂದು ಚಪ್ಪಲಿ ಹಿಡಿದುಕೊಂಡು ಬಂದು, ಇದು ನಿನ್ನದಲ್ಲವಾ ಮಾರಾಯ, ಮೇಲಿನ ಕೆಸರಲ್ಲಿ ಕೂತಿತ್ತು ಎಂದ. ಜವರಯ್ಯ ಕೆಳಗೆ ನೋಡಿಕೊಂಡ. ಬಲಗಾಲು ಬರಿಗಾಲು! ಅಷ್ಟು ದೂರ ಒಂದೇ ಚಪ್ಪಲಿಯಲ್ಲಿ ನಡೆದು ಬಂದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಎಲ್ಲರೂ ನಕ್ಕರು, ಮುದುಕನಿಗೆ ಮರೆವು ಬಂತು ಎಂದರು, ಅವನೂ ನಕ್ಕ. ಸಂಜೆ ಕಾಲು ತೊಳೆಯುವಾಗ ಚಲುವಮ್ಮ ನೋಡಿದರೆ ಅಂಗಾಲಲ್ಲಿ ಬೆರಳಿನ ಗೆಣ್ಣಿನಷ್ಟುದ್ದದ ಮುಳ್ಳು. ಅವಳು ಚಿಮಟದಲ್ಲಿ ಹಿಡಿದು ಎಳೆದಾಗ ರಕ್ತ ಬಂತು, ಕೀವೂ ಬಂತು. ಜವರಯ್ಯನ ಬಾಯಲ್ಲಿ ಮಾತ್ರ ಅಯ್ಯೋ ಅನ್ನುವ ಮಾತು ಬರಲಿಲ್ಲ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಳೆಗಾಲ ಮುಗಿಯುವಷ್ಟರಲ್ಲಿ ಅದು ಬೆರಳಿಗೂ ಬಂತು. ಒಂದು ಮಧ್ಯಾಹ್ನ ಜಗಲಿಯಲ್ಲಿ ಬೀಡಿ ಸೇದುತ್ತಾ ಕೂತಿದ್ದಾಗ ಏನೋ ಸುಟ್ಟ ವಾಸನೆ ಬಂತು. ಒಲೆಯ ಮೇಲೆ ಏನಿಟ್ಟಿದ್ದೀಯ ಎಂದು ಒಳಗಿದ್ದ ಹೆಂಡತಿಯನ್ನು ಗದರಿದ. ಒಲೆ ಹಚ್ಚೇ ಇಲ್ಲ ಎಂದಳು ಅವಳು. ಸುಡುತ್ತಿದ್ದದ್ದು ಅವನ ಬೆರಳು.

ಅವತ್ತಿನಿಂದ ಜವರಯ್ಯನ ಎದೆಯೊಳಗೆ ಹೆದರಿಕೆ ಮನೆ ಮಾಡಿತು. ಅವನು ಹುಡುಗನಾಗಿದ್ದಾಗ ಊರಲ್ಲಿ ಚನ್ನಬಸಮ್ಮ ಎಂಬ ಹೆಂಗಸಿದ್ದಳು. ಅವಳಿಗೂ ಹೀಗೇ ಆಗಿತ್ತು. ಕೆಂಡ ತುಳಿದರೂ ಗೊತ್ತಾಗುತ್ತಿರಲಿಲ್ಲ. ದೊಡ್ಡ ರೋಗ ಎಂದರು ಜನ, ಆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವುದಕ್ಕೂ ಹೆದರಿ. ಕೆರೆ ಏರಿಯ ಆಚೆ ಗರಿಯ ಗುಡಿಸಲು ಹಾಕಿ ಇಟ್ಟರು. ಅವಳ ಗಂಡನೇ ದೂರದಿಂದ ಮಡಕೆಯಲ್ಲಿ ಅಂಬಲಿ ಇಟ್ಟು ಓಡಿಬರುತ್ತಿದ್ದ. ಅವಳು ಊರ ಹತ್ತಿರ ಬಂದರೆ ಹುಡುಗರು ಕಲ್ಲು ಬೀರುತ್ತಿದ್ದರು. ಆ ಹುಡುಗರಲ್ಲಿ ಜವರಯ್ಯನೂ ಇದ್ದ. ಈಗ ಕಣ್ಣು ಮುಚ್ಚಿದರೆ ಅವಳ ಮೊಂಡು ಬೆರಳುಗಳು ಮುಂದೆ ಬಂದು ನಿಲ್ಲುತ್ತಿದ್ದವು.

ಡಾಕ್ಟರ ಹತ್ತಿರ ಹೋಗೋಣ ಎಂದು ಚಲುವಮ್ಮ ಒಂದೆರಡು ಸಲ ಹೇಳಿದಳು. ಡಾಕ್ಟರು ನೋಡಿದರೆ ರೈಟರಿಗೆ ಗೊತ್ತಾಗುತ್ತದೆ, ರೈಟರಿಗೆ ಗೊತ್ತಾದರೆ ಲೈನಿಗೆಲ್ಲ ಗೊತ್ತಾಗುತ್ತದೆ ಎಂದು ಅವನು ಅವಳ ಬಾಯಿ ಮುಚ್ಚಿಸಿದ. ಬೇರೆಯ ತೊಂದರೆಗಳನ್ನು ಇಬ್ಬರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಎಷ್ಟು ನೀರು ಕುಡಿದರೂ ತೀರದ ದಾಹ. ಗಳಿಗೆಗೊಂದು ಸಲ ಹಿತ್ತಲಿಗೆ ಎದ್ದು ಹೋಗಬೇಕು. ಅವನು ಕೂತೆದ್ದ ಜಾಗಕ್ಕೆ ಇರುವೆಯ ಸಾಲು. ಯಾರು ಇಲ್ಲಿ ಬೆಲ್ಲ ಚೆಲ್ಲಿದರೋ ಎಂದು ಚಲುವಮ್ಮ ಬೈದುಕೊಂಡು ಬೂದಿ ಎರಚುತ್ತಿದ್ದಳು. ಆ ಇರುವೆಗೆ ಗೊತ್ತಿದ್ದದ್ದು ಇವರಿಗೆ ಗೊತ್ತಾಗಲಿಲ್ಲ ನೋಡಿ.

ಕೊಯ್ಲು ಬಂತು. ಬೆರಳಿಗೆ ಗರಗರವೂ ಒಂದೇ, ಜಾರುವುದೂ ಒಂದೇ. ಮೊದಲ ತೊಟ್ಟಿಯ ದಿನ ಜವರಯ್ಯ ಕೈ ಹಾಕಿ ನಿಂತ. ಅಷ್ಟರಲ್ಲಿ ಗಂಜಿ ತಂದ ಚಲುವಮ್ಮ ಅವನ ಮುಖ ನೋಡಿದವಳೇ ಕೈ ತೊಳೆಯುವವಳ ಹಾಗೆ ತೊಟ್ಟಿಯೊಳಗೆ ಬಗ್ಗಿ ಒಂದು ಹಿಡಿ ಉಜ್ಜಿದಳು. ಉಜ್ಜಿ, ಆಯ್ತು ಎಂದು ಗಾಳಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು. ಅವನು ಜೋರಾಗಿ ನೀರು ಬಿಡಿ ಎಂದ. ಅಲ್ಲಿಂದ ಎರಡು ಕೊಯ್ಲು ಹೀಗೇ ನಡೆಯಿತು. ಗಂಜಿಯ ಪಾತ್ರೆಯನ್ನು ಅವಳು ತೊಟ್ಟಿಯ ಬಲಗಡೆ ಗೋಡೆಯ ಮೇಲಿಟ್ಟರೆ ಆಗಿದೆ, ಎಡಗಡೆ ಇಟ್ಟರೆ ಆಗಿಲ್ಲ. ಎಷ್ಟು ಹೊತ್ತಿಗೆ ನೋಡಬೇಕು, ಮಂಜು ಬಿದ್ದ ದಿನ ಎಷ್ಟು ತಡ, ವಾಸನೆ ಯಾವಾಗ ತಿರುಗುತ್ತದೆ ಎನ್ನುವುದೆಲ್ಲ ಅವನ ತಲೆಯಲ್ಲಿತ್ತು. ಬೆರಳು ಮಾತ್ರ ಅವಳದ್ದು.

ಅವಳು ಬರುವುದು ತಡವಾದ ದಿನಗಳಲ್ಲಿ ಜವರಯ್ಯ ಇನ್ನೊಂದು ಉಪಾಯ ಮಾಡುತ್ತಿದ್ದ. ನಾಲ್ಕು ಬೀಜ ತೆಗೆದು ಕೆಳತುಟಿಗೆ ಒತ್ತಿ ಉಜ್ಜುತ್ತಿದ್ದ. ತುಟಿಗೆ ಇನ್ನೂ ಜೀವವಿತ್ತು. ಇದನ್ನು ಒಂದು ದಿನ ಪೊನ್ನಪ್ಪನವರು ನೋಡಿಬಿಟ್ಟರು. ಗುಟ್ಟು ರಟ್ಟಾಯಿತು ಎಂದುಕೊಂಡ ಜವರಯ್ಯ. ಅವರು ಮಾತ್ರ ಚಪ್ಪಾಳೆ ತಟ್ಟಿ ಸಂತೋಷಪಟ್ಟರು. ನಮ್ಮ ಜವರಯ್ಯ ರುಚಿ ನೋಡಿಯೇ ಹುಳಿ ಹೇಳುತ್ತಾನೆ ಎಂದು ಕ್ಲಬ್ಬಿನಲ್ಲಿ, ಮದುವೆ ಮನೆಗಳಲ್ಲಿ, ಪುತ್ತರಿ ಹಬ್ಬದ ಊಟದಲ್ಲಿ ಹೇಳಿದ್ದೇ ಹೇಳಿದ್ದು. ಪಕ್ಕದ ತೋಟದ ಪಲ್ಪರ್ ಮನೆಯವರಿಬ್ಬರು ತಾವೂ ಕಡಿಮೆಯಿಲ್ಲ ಎಂದು ಲೋಳೆ ನೆಕ್ಕಿ ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದರು. ಬೀರ ಇದನ್ನು ಹೇಳಿ ಬಿದ್ದು ಬಿದ್ದು ನಕ್ಕ. ಜವರಯ್ಯನಿಗೆ ನಗು ಬರಲಿಲ್ಲ. ಹೆಸರು ದೊಡ್ಡದಾದಷ್ಟೂ ನೋಡುವ ಕಣ್ಣುಗಳು ಹೆಚ್ಚಾಗುತ್ತವಲ್ಲ ಎಂಬುದೇ ಅವನ ಚಿಂತೆ.

ಐವತ್ತನಾಲ್ಕನೆಯ ಇಸವಿಯ ಡಿಸೆಂಬರಿನಲ್ಲಿ ಆ ಕಣ್ಣುಗಳು ಬಂದೇ ಬಂದವು. ಚಲುವಮ್ಮ ಹಿಂದಿನ ದಿನದಿಂದ ಚಳಿಜ್ವರದಲ್ಲಿ ಮೂರು ಕಂಬಳಿ ಹೊದ್ದು ನಡುಗುತ್ತಾ ಮಲಗಿದ್ದಳು. ತೊಟ್ಟಿಯಲ್ಲಿ ಆ ವರ್ಷದ ದೊಡ್ಡ ಕೊಯ್ಲಿನ ಕಾಫಿ. ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಪೊನ್ನಪ್ಪನವರು ಮಡಿಕೇರಿಯಿಂದ ಬಂದಿದ್ದ ಇಬ್ಬರು ನೆಂಟರನ್ನು ಕರೆದುಕೊಂಡು, ರೈಟರ್ ದೇರಪ್ಪನನ್ನೂ ಜೊತೆಗಿಟ್ಟುಕೊಂಡು, ಪಲ್ಪರ್ ಮನೆಗೆ ಇಳಿದು ಬಂದರು. ಇವನೇ ನಾನು ಹೇಳಿದವನು ಎಂದು ತೋರಿಸಿದರು.

ಜವರಯ್ಯ ನಾಲ್ಕು ಬೀಜ ತೆಗೆದು ತುಟಿಗೆ ಒತ್ತಿದ. ಚಳಿಗೆ ಒಡೆದು ಹುಣ್ಣಾಗಿದ್ದ ತುಟಿ ಹುಳಿ ತಾಗಿ ಉರಿಯಿತೇ ಹೊರತು ಬೇರೆ ಏನೂ ತಿಳಿಯಲಿಲ್ಲ. ಮತ್ತೊಮ್ಮೆ ಒತ್ತಿದ, ಮತ್ತೆ ಉರಿ. ಎಲ್ಲರೂ ಬಾಯಿ ನೋಡುತ್ತಾ ನಿಂತಿದ್ದಾರೆ. ಈಗ ಆಗಿದೆ ಎಂದು ಆಗಿರದಿದ್ದರೆ? ಆಗಿಲ್ಲ ಎಂದು ಮಧ್ಯಾಹ್ನಕ್ಕೆ ನಾತ ಹೊಡೆದರೆ? ಅಡಿಯಲ್ಲಿ ಬಿಸಿ ಹೆಚ್ಚು, ಅಲ್ಲಿಯದು ಕೈಗೆ ಸ್ವಲ್ಪವಾದರೂ ತಿಳಿದೀತು ಎಂದು ಅವನು ಬಲಗೈಯನ್ನು ಭುಜದವರೆಗೂ ಇಳಿಸಿ, ತಳದಿಂದ ಒಂದು ಹಿಡಿ ಬಾಚಿ, ಮೇಲೆತ್ತಿ ಜೋರಾಗಿ ಉಜ್ಜಿದ. ಏನೂ ತಿಳಿಯಲಿಲ್ಲ. ಇನ್ನೂ ಜೋರಾಗಿ ಉಜ್ಜಿದ.

ಬೀರ ಮೆಲ್ಲಗೆ ಹೇಳಿದ, "ಜವರಣ್ಣ, ಕೈ ನೋಡು."

ಹಿಡಿಯಲ್ಲಿದ್ದ ಕಾಫಿ ಕೆಂಪಾಗಿತ್ತು. ಪಲ್ಪರಿನ ಉರುಳೆಗೆ ಸುತ್ತಿದ ತಾಮ್ರದ ತಗಡಿನ ಒಂದು ಚೂರು ಮುರಿದು ಬೀಜದ ಜೊತೆ ತೊಟ್ಟಿಗೆ ಬಿದ್ದಿತ್ತು. ಅದು ಅಂಗೈಯಲ್ಲಿ ಅರ್ಧದವರೆಗೆ ಹೊಕ್ಕಿತ್ತು, ಅವನು ಅದರ ಮೇಲೆಯೇ ಉಜ್ಜುತ್ತಿದ್ದ. ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ನೋವಾಗ್ಲಿಲ್ವಾ ಜವರಯ್ಯ?" ಎಂದರು ಪೊನ್ನಪ್ಪನವರು.

ಅವನು ಕೈ ನೋಡಿದ, ಅವರ ಮುಖ ನೋಡಿದ. ಮುಖ ಹಿಂಡಬೇಕು ಎಂದು ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು. "ಆಯ್ತದೆ ಸಾವ್ಕಾರ್ರೆ, ಬಾಳ ನೋವಾಯ್ತದೆ" ಎಂದ. ಹೇಳಿದ ಮೇಲೆ ಹಲ್ಲು ಕಚ್ಚಿ ಹಾ ಎಂದೂ ಅಂದ. ಯಾರೂ ನಂಬಲಿಲ್ಲ. ಪೊನ್ನಪ್ಪನವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಒಂದೇ ಒಂದು ಹೆಜ್ಜೆ. ಜವರಯ್ಯನಿಗೆ ಕೆರೆ ಏರಿಯ ಗುಡಿಸಲು ಕಣ್ಣಿಗೆ ಕಟ್ಟಿತು. ಹೆಗಲ ಟವಲು ತೆಗೆದು ಕಟ್ಟಲು ಬಂದ ದೇರಪ್ಪ ಅರ್ಧ ದಾರಿಯಲ್ಲಿ ನಿಂತು ಟವಲನ್ನು ಎಸೆದ. ಅದನ್ನು ಎತ್ತಿಕೊಂಡು, ತಗಡು ಕಿತ್ತು, ಕೈ ಕಟ್ಟಿದವನು ಬೀರ. ಆಮೇಲೆ ಬೀರನೇ ತೊಟ್ಟಿಯ ಆ ತುದಿಯಲ್ಲಿ ಕೈ ಹಾಕಿ ಉಜ್ಜಿ ನೋಡಿ, ಆಗಿದೆ ಸಾವ್ಕಾರ್ರೆ, ನೀರು ಬಿಡಬಹುದು ಎಂದ. ಅವನ ಮೇಲೆ ಜವರಯ್ಯನಿಗೆ ಸಿಟ್ಟು ಬರಲಿಲ್ಲ. ಕೆಲಸ ಕಲಿಸಿದ್ದು ತಾನೇ ಅಲ್ಲವೇ.

ಸಂಜೆಯ ಹೊತ್ತಿಗೆ ಸುದ್ದಿ ಲೈನಿಗೆಲ್ಲ ಹಬ್ಬಿತು. ಇವರ ನಲ್ಲಿಗೆ ನೀರಿಗೆ ಬರುತ್ತಿದ್ದ ಹೆಂಗಸರು ಆವತ್ತು ಹೊಳೆಗೆ ಇಳಿದರು. ಬೀರನ ಹೆಂಡತಿ ಮಾತ್ರ ದೂರದಿಂದ ಕೂಗಿ ಕೇಳಿದಳು, ಜ್ವರ ಹೇಗಿದೆ ಎಂದು. ಚಲುವಮ್ಮ ಕಂಬಳಿ ಸರಿಸಿ ಎದ್ದು ಕೂತು, ಅವನ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಬ್ಯಾಡ, ಮುಟ್ಟಬ್ಯಾಡ ಎಂದು ಅವನು ಕೈ ಎಳೆದುಕೊಂಡ.

"ಗುಡಿಸಲು ಹಾಕಿದ್ರೆ ಇಬ್ಬರು ಮಲಗೋ ಅಷ್ಟು ದೊಡ್ಡದಾಗಿ ಹಾಕ್ಲಿ ಅಂತ ಹೇಳ್ತೀನಿ" ಎಂದಳು ಅವಳು. ಜವರಯ್ಯ ಗೋಡೆಯ ಕಡೆ ತಿರುಗಿ ಅತ್ತ.

ಮರುದಿನ ಪೊನ್ನಪ್ಪನವರು ಅವನನ್ನು ಜೀಪಿನ ಹಿಂದೆ, ಗೋಣಿಚೀಲದ ಮೇಲೆ ಕೂರಿಸಿಕೊಂಡು ಪೇಟೆಯ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕಣ್ಣು ಮುಚ್ಚಿಸಿ ಸೂಜಿಯಿಂದ ಚುಚ್ಚಿದರು, ಮೈಯೆಲ್ಲ ತಿರುಗಿಸಿ ಮಚ್ಚೆ ಹುಡುಕಿದರು, ಮೊಣಕೈಯ ನರ ಒತ್ತಿದರು, ಕಿವಿ ಹಿಡಿದು ನೋಡಿದರು. ಜವರಯ್ಯ ಮನಸ್ಸಿನಲ್ಲೇ ಚನ್ನಬಸಮ್ಮನಿಗೆ ಕೈಮುಗಿದ, ತಾಯಿ, ನಾನು ಬೀರಿದ ಕಲ್ಲು ನನಗೇ ಬರುವ ಹಾಗೆ ಮಾಡಬೇಡ ಎಂದು. ಆಮೇಲೆ ಡಾಕ್ಟರು ಎಷ್ಟು ನೀರು ಕುಡಿಯುತ್ತೀಯ ಎಂದು ಕೇಳಿದರು. ಶೀಶೆಯಲ್ಲಿ ಮೂತ್ರ ಹಿಡಿಸಿ, ಗಾಜಿನ ನಳಿಕೆಯಲ್ಲಿ ನೀಲಿ ಔಷಧಿಗೆ ನಾಲ್ಕು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಸಿರು ಹೋಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಆ ಕೆಂಪು ನೋಡಿ ಜವರಯ್ಯ ತನ್ನ ಕಥೆ ಮುಗಿಯಿತು ಎಂದುಕೊಂಡ.

"ನೀನು ಅಂದ್ಕೊಂಡಿರೋ ರೋಗ ಅಲ್ಲ ಇದು" ಎಂದರು ಡಾಕ್ಟರು. "ಸಿಹಿಮೂತ್ರ. ಸಕ್ಕರೆ ಕಾಯಿಲೆ."

ಅಲ್ಲವಾ ಎಂದು ಅವನು ಮೂರು ಸಲ ಕೇಳಿದ. ಅಲ್ಲ, ಯಾರಿಗೂ ಅಂಟುವುದಿಲ್ಲ, ಹೆಂಡತಿಗೂ ಇಲ್ಲ ಎಂದು ಅವರು ಮೂರು ಸಲವೂ ಹೇಳಿದರು. ಜವರಯ್ಯ ದಡಕ್ಕನೆ ಅವರ ಕಾಲಿಗೆ ಬಿದ್ದ. ಹಿತ್ತಲಿನ ಇರುವೆಸಾಲು ನೆನಪಾಗಿ ನಗು ಬಂತು, ನಗುತ್ತಲೇ ಕಣ್ಣೀರು ಸುರಿಯಿತು. ಡಾಕ್ಟರು ಎಬ್ಬಿಸಿ ಬೈದರು. ಎರಡು ವರ್ಷದ ಹಿಂದೆಯೇ ಬಂದಿದ್ದರೆ ಪಥ್ಯ, ಔಷಧಿ ಮಾಡಿ ಹಿಡಿದು ನಿಲ್ಲಿಸಬಹುದಿತ್ತು, ಈಗ ಹೋದ ಸ್ಪರ್ಶ ಬರುವುದು ಕಷ್ಟ, ಗಾಯ ಬೇಗ ಮಾಗುವುದಿಲ್ಲ, ದಿನಾ ಅಂಗಾಲು ನೋಡಿಕೊ, ಇಲ್ಲದಿದ್ದರೆ ಕಾಲೇ ಕತ್ತರಿಸಬೇಕಾದೀತು ಎಂದರು. ಅದೆಲ್ಲ ಅವನ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪೊನ್ನಪ್ಪನವರು ದೊಡ್ಡದಾಗಿ ಉಸಿರು ಬಿಟ್ಟು ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. ಬರುವಾಗ ಮುಂದಿನ ಸೀಟಿನಲ್ಲಿ ಪಕ್ಕಕ್ಕೇ ಕೂರಿಸಿಕೊಂಡರು, ದಾರಿಯಲ್ಲಿ ಹೋಟೆಲಿನ ಮುಂದೆ ನಿಲ್ಲಿಸಿ ಸಕ್ಕರೆ ಹಾಕದ ಕಾಫಿ ಕುಡಿಸಿದರು. ತೋಟಕ್ಕೆ ಬಂದವನೇ ಜವರಯ್ಯ ಲೈನಿನ ಈ ತುದಿಯಿಂದ ಆ ತುದಿಯವರೆಗೆ, ಆ ರೋಗ ಅಲ್ವಂತೆ ಕಣ್ರಪ್ಪಾ, ಸಕ್ಕರೆಯಂತೆ ಎಂದು ಮಗುವಿನ ಹಾಗೆ ಹೇಳಿಕೊಂಡು ತಿರುಗಿದ. ಹೆಂಗಸರು ಮತ್ತೆ ನಲ್ಲಿಗೆ ಬಂದರು. ಎರಡು ವರ್ಷದಲ್ಲಿ ಮೊದಲ ಸಲ ಅವನು ಎದೆ ತುಂಬ ಉಸಿರಾಡಿದ.

ಮೂರನೆಯ ದಿನ ಬಂಗಲೆಗೆ ಬರಹೇಳಿದರು. ಕೈ ಮಾಗುವವರೆಗೆ ಏನಾದರೂ ಹಗುರ ಕೆಲಸ ಕೊಡುತ್ತಾರೆ ಎಂದುಕೊಂಡು ಜವರಯ್ಯ ಒಗೆದ ಅಂಗಿ ಹಾಕಿಕೊಂಡ. ಜ್ವರ ಬಿಟ್ಟಿದ್ದ ಚಲುವಮ್ಮನೂ ಜೊತೆಗೆ ಬಂದಳು. ವರಾಂಡದಲ್ಲಿ ಪೊನ್ನಪ್ಪನವರು, ಪಕ್ಕದಲ್ಲಿ ದೇರಪ್ಪ. ದೇವರು ದೊಡ್ಡವನು, ಬಹಳ ದೊಡ್ಡ ಗಂಡಾಂತರ ಕಳೆಯಿತು ಎಂದು ಸಾಹುಕಾರರು ಶುರುಮಾಡಿದರು. ಆದರೆ ಕೈಗೆ ತಿಳಿಯದೆ ತೊಟ್ಟಿಯ ಕೆಲಸ ಹೇಗೆ, ಯಂತ್ರದ ಹತ್ತಿರ, ಕತ್ತಿಯ ಹತ್ತಿರ ಬಿಡುವುದು ಹೇಗೆ, ನಾಳೆ ಇನ್ನೊಂದು ಗಾಯವಾದರೆ ತನ್ನ ಮನಸ್ಸು ಒಪ್ಪುತ್ತದೆಯೇ ಎಂದರು. ವಯಸ್ಸೂ ಆಯಿತಲ್ಲ, ಇನ್ನು ಆರಾಮಾಗಿ ಊರಲ್ಲಿರು. ತೊಟ್ಟಿಯನ್ನು ಬೀರ ನೋಡಿಕೊಳ್ಳುತ್ತಾನೆ. ಅವನು ತೊಟ್ಟಿಯ ಹತ್ತಿರವೇ ಇರಬೇಕು, ಆದ್ದರಿಂದ ಕೊಯ್ಲು ಮುಗಿದ ಮೇಲೆ ಕೋಣೆ ಬಿಟ್ಟುಕೊಟ್ಟರೆ ಸಾಕು, ಅವಸರ ಏನಿಲ್ಲ. ಒಂದೊಂದು ಮಾತೂ ಮೆತ್ತಗೆ, ಪ್ರೀತಿಯಿಂದಲೇ ಬಂತು.

ಜವರಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ದೊಡ್ಡ ರೋಗವಾಗಿದ್ದರೆ ಕಲ್ಲು ಬೀರಿ ಓಡಿಸುತ್ತಿದ್ದರು, ಇದಕ್ಕೆ ಕಾಫಿ ಕುಡಿಸಿ ಕಳಿಸುತ್ತಿದ್ದಾರೆ. ಹೊರಡುವುದು ಮಾತ್ರ ತಪ್ಪಲಿಲ್ಲ. ಎಲ್ಲಿಗೆ? ಅಣ್ಣನ ಮಗನ ಜಗಲಿಗಾ? ಈ ಕಾಲನ್ನು ಕಟ್ಟಿಕೊಂಡು ಯಾವ ತೋಟದ ಬಾಗಿಲಿಗೆ ಹೋಗಿ ನಿಲ್ಲುವುದು? ಎರಡು ವರ್ಷ ಹೆದರಿದ್ದೆಲ್ಲ ತಪ್ಪು ಕಡೆಗೆ ಹೆದರಿದ್ದಾಗಿತ್ತು. ನಿಜವಾದ ಹೆದರಿಕೆ ಈಗ ಬಂದು ಎದುರಿಗೆ ಕೂತಿತು.

ಸಾಹುಕಾರರ ಮುಂದೆ ಯಾವತ್ತೂ ಬಾಯಿ ತೆರೆಯದ ಚಲುವಮ್ಮ ಸೆರಗು ಸರಿಮಾಡಿಕೊಂಡು ಒಂದು ಮೆಟ್ಟಿಲು ಮೇಲೆ ಬಂದಳು.

"ಈ ಎರಡು ವರ್ಷ ತೊಟ್ಟಿ ನೋಡಿದ್ದು ನನ್ನ ಕೈ ಸಾವ್ಕಾರ್ರೆ. ಒಂದು ಬೀಜ ಕೆಟ್ಟಿದ್ರೆ ಹೇಳಿ. ಕೈ ನಂದು, ಕಸುಬು ನಮ್ಮೋರದ್ದು. ಇಬ್ಬರನ್ನೂ ಸೇರಿಸಿ ಒಂದು ಆಳು ಅಂತ ಇಟ್ಕೊಳ್ಳಿ."

ದೇರಪ್ಪ ತಲೆ ತಗ್ಗಿಸಿದ. ಎರಡು ವರ್ಷದ ಕಾಫಿಗೆ ಒಳ್ಳೆಯ ಹೆಸರೇ ಬಂದಿತ್ತು, ಅದು ಅವನಿಗೂ ಗೊತ್ತು, ಸಾಹುಕಾರರಿಗೂ ಗೊತ್ತು. ಪೊನ್ನಪ್ಪನವರ ಮುಖ ಒಮ್ಮೆ ಅರಳಿ, ಮತ್ತೆ ಕಂದಿತು. ಆಡಿದ ಮಾತು ಆಡಿಯಾಗಿತ್ತು, ಬೀರನಿಗೆ ಹೇಳಿಯಾಗಿತ್ತು. ಇಬ್ಬರು ಸೇರಿ ಒಬ್ಬ ಆಳಾದದ್ದನ್ನು ಅವರು ಯಾವ ತೋಟದಲ್ಲೂ ಕಂಡಿರಲಿಲ್ಲ. ಹಾಗೆಲ್ಲ ಆಗೋದಿಲ್ಲ ಚಲುವಮ್ಮ ಎಂದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ಅವರು ಎದ್ದು ಮೆಟ್ಟಿಲಿಳಿದು ಬಂದರು. ತೊಟ್ಟಿಯ ಹತ್ತಿರ ಒಂದು ಹೆಜ್ಜೆ ಹಿಂದೆ ಸರಿದದ್ದು ಅವರನ್ನು ಕೊರೆಯುತ್ತಿತ್ತೋ ಏನೋ, ಈಗ ಎಲ್ಲರೂ ನೋಡುತ್ತಿರುವಂತೆಯೇ ಜವರಯ್ಯನ ಬಲಗೈಯನ್ನು, ಕಟ್ಟಿದ ಬಟ್ಟೆಯಿಂದ ಹೊರಗಿದ್ದ ಬೆರಳುಗಳನ್ನು, ತಮ್ಮ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಇಪ್ಪತ್ತೆಂಟು ವರ್ಷದಲ್ಲಿ ಸಾಹುಕಾರರು ಅವನ ಕೈ ಹಿಡಿದದ್ದು ಅದೇ ಮೊದಲು. ಅವರು ಏನೇನೋ ಹೇಳುತ್ತಿದ್ದರು, ಬಹಳ ಹೊತ್ತು ಹೇಳಿದರು. ಜವರಯ್ಯ ಅವರ ಮುಖವನ್ನೇ ನೋಡುತ್ತಾ ನಿಂತಿದ್ದ. ಅವರು ಕೈಯನ್ನು ಇನ್ನೂ ಹಿಡಿದಿದ್ದಾರೋ, ಆಗಲೇ ಬಿಟ್ಟರೋ ಎಂದು ತಿಳಿಯುವುದಕ್ಕೆ ಅವನು ತಲೆ ಬಗ್ಗಿಸಿ ನೋಡಬೇಕಾಯಿತು.